ಮರುಭೂಮಿಯಲ್ಲಿ ಕಂಡ ಎರೆಭೂತ

ನಮ್ಮ ಮನೆಯ ಅಂಗಳದ ಮೂಲೆಯಲ್ಲಿ ಒಂದು ಮಳೆಮಾಪಕ ಇದೆ. ಬೆಳಗ್ಗೆ ಎಂಟು ಗಂಟೆಗೆ ಅದರ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುವುದು ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಹಿಡಿದ ಕೆಲಸ. ವರ್ಷಗಟ್ಟಲೆ ಲೆಡ್ಜರ್ ಬರೆದ ಕೈಗೆ ದಿನಕ್ಕೆ ಒಂದು ಸಾಲಾದರೂ ಬರೆಯದಿದ್ದರೆ ಸಮಾಧಾನವಿಲ್ಲ. ಪುತ್ತೂರು, ಕಡಬ, ಸುಳ್ಯದ ಕಡೆ ಹೀಗೆ ಮಳೆಯ ಲೆಕ್ಕ ಇಡುವ ಅಡಿಕೆ ಕೃಷಿಕರು ತುಂಬ ಮಂದಿ ಇದ್ದಾರೆ. ನಮ್ಮ ರಾಮಕುಂಜದಲ್ಲಿ ವರ್ಷಕ್ಕೆ ಬೀಳುವ ಮಳೆ 4000 ಮಿಲಿಮೀಟರಿನ ಆಸುಪಾಸು.

ನನ್ನ ಮಗಳ ಸಂಸಾರ ಇರುವುದು ರಾಜಸ್ಥಾನದ ಜೋಧಪುರದಲ್ಲಿ. ಆರನೇ ಕ್ಲಾಸಿನ ಮೊಮ್ಮಗಳು ಪ್ರತಿ ಭಾನುವಾರ ಫೋನ್ ಮಾಡಿ, "ಅಜ್ಜ, ಈ ವಾರ ಎಷ್ಟು ಮಳೆ?" ಎಂದು ಕೇಳುತ್ತಾಳೆ. ಒಂದು ಆಟಿ ತಿಂಗಳಲ್ಲಿ ನಾನು ಲೆಕ್ಕ ಹೇಳಿದ ಕೂಡಲೇ ಅವಳು ಹೇಳಿದಳು, "ಜೈಸಲ್ಮೇರಿನಲ್ಲಿ ಇಡೀ ವರ್ಷಕ್ಕೆ 200 ಮಿಲಿಮೀಟರ್ ಬಿದ್ದರೆ ದೊಡ್ಡದಂತೆ ಅಜ್ಜ. ಅಲ್ಲಿ ಪ್ರಾಣಿಗಳು ಬದುಕುವುದು ಹೇಗೆ?"

"ಅಲ್ಲಿ ಎಂಥ ಪ್ರಾಣಿ ಮಗಾ, ಬರೀ ಹೊಯಿಗೆ" ಎಂದೆ ನಾನು.

"ನೀವು ನೋಡಿದ್ದೀರಾ?"

ನೋಡಿರಲಿಲ್ಲ. ಮಳೆ ಜೋರು ಹಿಡಿದರೆ ಎರಡೇ ದಿನದಲ್ಲಿ ಅಷ್ಟು ನೀರು ನಮ್ಮ ಅಂಗಳಕ್ಕೆ ಬೀಳುತ್ತದೆ. ಅಂಥ ಊರಿನವನಿಗೆ ಮರವಿಲ್ಲದ ನೆಲವೆಂದರೆ ಖಾಲಿ ನೆಲ. ನನ್ನ ಉತ್ತರ ತಪ್ಪೆಂದು ತಿಳಿಯಲು ಎಪ್ಪತ್ತು ದಾಟಿದ ಮೇಲೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ರೈಲಿನಲ್ಲಿ ಹೋಗಬೇಕಾಯಿತು.

ಮರುಸಾಗರದಲ್ಲಿ ಹೊರಟೆವು

ಮಂಗಳೂರು ಜಂಕ್ಷನ್ನಿನಿಂದ ಅಜ್ಮೀರಿಗೆ ಹೋಗುವ ರೈಲಿನ ಹೆಸರು ಮರುಸಾಗರ ಎಕ್ಸ್‌ಪ್ರೆಸ್. ಕಡಲ ಬದಿಯಿಂದ ಮರುಭೂಮಿಯ ನಾಡಿಗೆ ಹೋಗುವ ರೈಲಿಗೆ ಒಪ್ಪುವ ಹೆಸರು. ಜನವರಿ ತಿಂಗಳು. ನನ್ನ ಹೆಂಡತಿ ಹಲಸಿನ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಎಂದು ಎರಡು ಚೀಲ ಕಟ್ಟಿದ್ದಳು. ಸ್ವೆಟರ್ ಇಟ್ಟುಕೊಳ್ಳಲು ಮಾತ್ರ ಇಬ್ಬರಿಗೂ ಮನಸ್ಸಿರಲಿಲ್ಲ. ಮರುಭೂಮಿಗೆ ಹೋಗುವವರಿಗೆ ಸ್ವೆಟರ್ ಏಕೆ ಎಂಬ ನಮ್ಮ ತಿಳಿವಳಿಕೆ ಜೋಧಪುರದ ಮೊದಲ ರಾತ್ರಿಯೇ ಇಳಿಯಿತು. ಹೊಯಿಗೆ ಹಗಲು ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಮೋಡವಿಲ್ಲದ ಆಕಾಶಕ್ಕೆ ನೆಲದ ಬಿಸಿಯನ್ನು ತಡೆದಿಡುವ ಹೊದಿಕೆಯಿಲ್ಲ. ಅದರಿಂದಾಗಿ ಅಲ್ಲಿಯ ಚಳಿ ನಮ್ಮ ಮೂಳೆಗೇ ತಾಗಿತು.

ಜೈಸಲ್ಮೇರಿನ ಹತ್ತಿರ ಆಕಲ್ ಎಂಬಲ್ಲಿ ಮಗಳು ಮೊದಲು ಕಾರು ನಿಲ್ಲಿಸಿದಳು. ಬೋಳು ಗುಡ್ಡದ ಮೇಲೆ ಕಬ್ಬಿಣದ ಬಲೆಯೊಳಗೆ ದೊಡ್ಡ ದೊಡ್ಡ ಮರದ ದಿಮ್ಮಿಗಳು ಬಿದ್ದಿದ್ದವು. ಮುಟ್ಟಿದರೆ ಕಲ್ಲು! ಸುಮಾರು 18 ಕೋಟಿ ವರ್ಷಗಳ ಹಿಂದೆ ಅಲ್ಲಿ ದಟ್ಟ ಕಾಡಿತ್ತಂತೆ. ಬಿದ್ದ ಮರಗಳು ಮಣ್ಣಿನಡಿ ಹೂತುಹೋಗಿ, ಅವುಗಳೊಳಗೆ ಖನಿಜ ತುಂಬಿಕೊಂಡು, ಮರದ ಗೆರೆ ಹಾಗೆಯೇ ಉಳಿದು ಕಲ್ಲಾಗಿವೆ. "ಅಜ್ಜ, ಒಂದು ಕಾಲದಲ್ಲಿ ಇಲ್ಲಿ ನಿಮ್ಮ ಊರಿನ ಹಾಗೆ ಮಳೆ ಇತ್ತು" ಎಂದು ಮೊಮ್ಮಗಳು ಪಾಠ ಹೇಳಿದಳು. ಯಾವ ನೆಲವೂ ಇದ್ದ ಹಾಗೆಯೇ ಇರುವುದಿಲ್ಲ ಎಂಬುದು ಆ ಕಲ್ಲುಮರ ಮುಟ್ಟಿದಾಗ ಅರ್ಥವಾಯಿತು.

ಹೊಯಿಗೆ ಎಲ್ಲ ಕಡೆ ಇಲ್ಲ

ನಾವು ನೋಡಲು ಹೋದದ್ದು ಮರುಭೂಮಿ ರಾಷ್ಟ್ರೀಯ ಉದ್ಯಾನ. ಅಲ್ಲಿಯವರು ಡೆಸರ್ಟ್ ನ್ಯಾಷನಲ್ ಪಾರ್ಕ್ ಎನ್ನುತ್ತಾರೆ. ಜೈಸಲ್ಮೇರ್ ಮತ್ತು ಬಾಡ್‌ಮೇರ್ ಜಿಲ್ಲೆಗಳಲ್ಲಿ ಹಬ್ಬಿದ ಈ ಸಂರಕ್ಷಿತ ಪ್ರದೇಶವನ್ನು 1980ರಲ್ಲಿ ಘೋಷಿಸಿದರು. ವಿಸ್ತೀರ್ಣ 3162 ಚದರ ಕಿಲೋಮೀಟರ್. ಮಕ್ಕಳೇ, ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಮೂರು ಪಾಲಿನಲ್ಲಿ ಎರಡು ಪಾಲಿನಷ್ಟು ದೊಡ್ಡದು ಎಂದು ತಿಳಿಯಿರಿ. ಅದರೊಳಗೆ ಹಳ್ಳಿಗಳಿವೆ, ಕುರಿ ಮೇಕೆಗಳಿವೆ, ಒಂಟೆಗಳಿವೆ.

ಚಿತ್ರದಲ್ಲಿ ನೋಡಿದ ಹಾಗೆ ಅಲೆಯಲೆಯಾದ ಮರಳಿನ ದಿಬ್ಬಗಳೇ ಎಲ್ಲೆಡೆ ಇರುತ್ತವೆ ಎಂದುಕೊಂಡಿದ್ದೆ. ಅಂಥ ದಿಬ್ಬಗಳು ಇಡೀ ಉದ್ಯಾನದ ಐದರಲ್ಲಿ ಒಂದು ಪಾಲಿನಷ್ಟು ಮಾತ್ರ. ಉಳಿದದ್ದು ಕಲ್ಲುನೆಲ, ಗಟ್ಟಿ ಮಣ್ಣಿನ ಬಯಲು, ಒಣಗಿದ ಉಪ್ಪುಕೆರೆಗಳ ತಳ, ಎಲ್ಲಕ್ಕಿಂತ ಮುಖ್ಯವಾಗಿ ಹುಲ್ಲು. ಸೇವಣ್ ಎಂಬ ಆ ಹುಲ್ಲು ಮೊಣಕಾಲೆತ್ತರ ಗುಂಪು ಗುಂಪಾಗಿ ಬೆಳೆಯುತ್ತದೆ. ನೋಡಲು ಸತ್ತ ಹುಲ್ಲು. ಅದರ ಬೇರು ಮಾತ್ರ ನೆಲದಡಿ ಜೀವಂತವಾಗಿದ್ದು ಹಾರುವ ಮರಳನ್ನು ಹಿಡಿದು ನಿಲ್ಲಿಸುತ್ತದೆ. ಒಂದು ಮಳೆ ಬಿದ್ದರೆ ಸಾಕು, ಮತ್ತೆ ಹಸಿರಾಗುತ್ತದೆ.

ನಮ್ಮ ಜೀಪಿನ ಗೈಡ್ ಅಲ್ಲಿಯದೇ ಹಳ್ಳಿಯವನು. ಅವನ ಹಿಂದಿಗೂ ನನ್ನ ಬ್ಯಾಂಕಿನ ಹಿಂದಿಗೂ ಹೇಗೋ ಹೊಂದಾಣಿಕೆಯಾಯಿತು. ಅಲ್ಲಲ್ಲಿ ಒಂಟಿಯಾಗಿ ನಿಂತ ಸಣ್ಣ ಎಲೆಯ ಮುಳ್ಳುಮರವೊಂದನ್ನು ತೋರಿಸಿ "ಖೇಜ್ರಿ" ಎಂದ. ನಾನು ಇಳಿದು ಎಲೆ ಮುಟ್ಟಿ ನೋಡಿದೆ. ಅರೆ, ಇದು ನಮ್ಮ ಬನ್ನಿ ಮರ! ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಅಡಗಿಸಿಟ್ಟ ಶಮೀ ವೃಕ್ಷ. ನಾನು ರಾಣೆಬೆನ್ನೂರು ಕಡೆಯ ಶಾಖೆಯಲ್ಲಿ ಕೆಲಸ ಮಾಡುತ್ತಿದ್ದಾಗ ದಸರೆಯ ಮರುದಿನ ಗ್ರಾಹಕರು ಇದೇ ಎಲೆಯನ್ನು ಕೌಂಟರಿನೊಳಗೆ ಚಾಚಿ, "ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ್ರಿ" ಎನ್ನುತ್ತಿದ್ದರು. ರಾಜಸ್ಥಾನಕ್ಕೆ ಇದು ರಾಜ್ಯದ ಮರ. ಇದರ ಎಳೆಕಾಯಿ ಒಣಗಿಸಿದರೆ ಸಾಂಗ್ರಿ. ಅದನ್ನು ಕೇರ್ ಎಂಬ ಕುರುಚಲು ಗಿಡದ ಸಣ್ಣ ಕಾಯಿಯೊಂದಿಗೆ ಬೇಯಿಸಿ ಮಾಡಿದ ಪಲ್ಯ, ಸಜ್ಜೆ ರೊಟ್ಟಿ ಅಂದು ನಮಗೆ ಮಧ್ಯಾಹ್ನದ ಊಟ.

ಈ ಮರಕ್ಕಾಗಿ ಜನ ಪ್ರಾಣ ಕೊಟ್ಟ ಕಥೆಯೂ ಇದೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿ ಗ್ರಾಮಕ್ಕೆ ಅರಮನೆಯ ಕೆಲಸಕ್ಕೆ ಬೇಕೆಂದು ಮರ ಕಡಿಯಲು ಆಳುಗಳು ಬಂದರು. ಬಿಷ್ಣೋಯಿ ಸಮುದಾಯದ ಅಮೃತಾ ದೇವಿ ಮರವನ್ನು ಅಪ್ಪಿ ನಿಂತಳು. ಅವಳನ್ನೂ ಬಿಡಲಿಲ್ಲ. ಅವಳ ಹಿಂದೆ ಒಬ್ಬೊಬ್ಬರಾಗಿ ಬಂದು ಒಟ್ಟು 363 ಮಂದಿ ಜೀವ ಕೊಟ್ಟರು. ಮೊಮ್ಮಗಳು ಈ ಕಥೆಯನ್ನು ಶಾಲೆಯಲ್ಲಿ ನಾಟಕ ಮಾಡಿದ್ದಾಳೆ.

ಮರಳಿನ ನಡುವೆ ನಮ್ಮ ಎಕ್ಕದ ಗಿಡವೂ ಇತ್ತು. ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ಬೇಲಿಬದಿಯ ಎಕ್ಕ ಕಂಡಾಗ ಊರಿನವರು ಸಿಕ್ಕಿದಷ್ಟು ಖುಷಿಯಾಯಿತು.

ರಾತ್ರಿಯ ಹಾಜರಿ ಪುಸ್ತಕ

ಬೆಳಗ್ಗೆ ಬಿಸಿಲೇರುವ ಮುನ್ನ ಮರಳಿನ ದಿಬ್ಬದ ಮೇಲೆ ನಡೆದೆವು. ಗಾಳಿ ಬೀಸುವ ಬದಿ ಇಳಿಜಾರು ಮೆದು, ಆಚೆ ಬದಿ ಕಡಿದು. ಗಾಳಿ ಮರಳನ್ನು ಇತ್ತ ಏರಿಸಿ ಅತ್ತ ಸುರಿಸುವುದರಿಂದ ದಿಬ್ಬವೇ ನಿಧಾನವಾಗಿ ನಡೆಯುತ್ತದೆ. ಆ ಮರಳಿನ ತುಂಬ ಹೆಜ್ಜೆಗಳು! "ರಾತ್ರಿ ಯಾರು ಯಾರು ಬಂದಿದ್ದರೆಂದು ಇಲ್ಲಿ ಬರೆದಿರುತ್ತದೆ" ಎಂದ ಗೈಡ್. ನನಗೆ ನಮ್ಮ ಹಾಜರಿ ಪುಸ್ತಕ ನೆನಪಾಯಿತು. ಹೊಲಿಗೆ ಹಾಕಿದ ಹಾಗೆ ಸಣ್ಣ ಚುಕ್ಕೆಗಳ ಸಾಲು ಜೀರುಂಡೆಯದು. ಜೋಡಿ ಜೋಡಿಯಾಗಿ ಹಾರಿ ಹೋದದ್ದು ಮರುಭೂಮಿಯ ಇಲಿ. ಒಂದೇ ಗೆರೆಯಲ್ಲಿ ನೇರ ಹೋದದ್ದು ನರಿ. ಒಂದು ಕಡೆ ಇಲಿಯ ಹೆಜ್ಜೆಗೆ ನರಿಯ ಹೆಜ್ಜೆ ಅಡ್ಡ ಬಂದು, ಮುಂದೆ ನರಿಯದು ಮಾತ್ರ ಉಳಿದಿತ್ತು. ಮೊಮ್ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ನರಿ ಸ್ವಲ್ಪ ಮುಂದೆ ಬಿಲದ ಬಾಯಲ್ಲಿ ಬಿಸಿಲು ಕಾಯುತ್ತ ಕೂತಿತ್ತು. ಬಾಲದ ತುದಿ ಸುಣ್ಣದಲ್ಲಿ ಅದ್ದಿದ ಹಾಗೆ ಬಿಳಿ. ನಮ್ಮ ಬಯಲುಸೀಮೆಯ ಸಣ್ಣ ನರಿಗೆ ಬಾಲದ ತುದಿ ಕಪ್ಪು. ಎರಡನ್ನು ಗುರುತಿಸಲು ಅದೇ ಸುಲಭದ ದಾರಿ.

ಇನ್ನೊಂದು ಕಡೆ ನೆಲದಲ್ಲಿ ಬಾಯಿ ಮುಚ್ಚಿದ ಬಿಲಗಳಿದ್ದವು. ಅವು ಸಾಂಡಾ ಎಂಬ ಮುಳ್ಳುಬಾಲದ ಹಲ್ಲಿಯ ಮನೆಗಳು. ನಮ್ಮ ಉಡಕ್ಕಿಂತ ತುಂಬ ಸಣ್ಣದು, ಹೆಚ್ಚಾಗಿ ಸೊಪ್ಪುಹುಲ್ಲು ತಿಂದು ಬದುಕುವ ಸಾಧು ಪ್ರಾಣಿ. ಚಳಿಗಾಲದಲ್ಲಿ ಒಳಗಿನಿಂದ ಮಣ್ಣು ಒತ್ತಿ ಬಾಗಿಲು ಹಾಕಿ ಮಲಗಿಬಿಡುತ್ತದೆ. ಇದರ ಎಣ್ಣೆ ಔಷಧಿ ಎಂಬ ಸುಳ್ಳು ನಂಬಿಕೆಯಿಂದ ಜನ ಇದನ್ನು ಹಿಡಿದು ಕೊಲ್ಲುತ್ತಾರೆ.

ಚಿಂಕಾರ ಎಂಬ ಸಣ್ಣ ಜಿಂಕೆಗಳು ಅಲ್ಲಲ್ಲಿ ಎರಡು ಮೂರರಂತೆ ಕಂಡವು. ಹತ್ತಿರದಲ್ಲಿ ನೀರಿನ ಹನಿಯೂ ಇರಲಿಲ್ಲ. ಎಲೆಯೊಳಗಿನ ನೀರು, ಎಲೆ ಮೇಲಿನ ಇಬ್ಬನಿ ಇಷ್ಟರಲ್ಲೇ ಅವು ಬಹಳ ದಿನ ಕಳೆಯಬಲ್ಲವು. ಚಿಂಕಾರ ನೋಡಲು ರಾಜಸ್ಥಾನಕ್ಕೇ ಹೋಗಬೇಕೆಂದಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ 2016ರಲ್ಲಿ, ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ 2019ರಲ್ಲಿ ಚಿಂಕಾರ ಅಭಯಾರಣ್ಯಗಳಾಗಿವೆ.

ಹತ್ತು ಗಂಟೆಯ ಹೊತ್ತಿಗೆ ಒಂದು ಸಣ್ಣ ನೀರಿನ ಹೊಂಡಕ್ಕೆ ಪಾರಿವಾಳದಂಥ ಹಕ್ಕಿಗಳ ಹಿಂಡು ಇಳಿಯಿತು. ಹೆಸರು ಸ್ಯಾಂಡ್‌ಗ್ರೌಸ್. ಮರಿ ಇರುವ ಕಾಲದಲ್ಲಿ ಗಂಡುಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ಸ್ಪಂಜಿನಂತೆ ನೆನೆಸಿಕೊಂಡು ಕಿಲೋಮೀಟರುಗಟ್ಟಲೆ ಹಾರಿ ಹೋಗುತ್ತದೆ. ಮರಿಗಳು ಅಪ್ಪನ ಗರಿ ಚೀಪಿ ನೀರು ಕುಡಿಯುತ್ತವೆ. ಈ ಸಂಗತಿ ಕೇಳಿ ನನ್ನ ಹೆಂಡತಿ ನನ್ನ ಕಡೆ ತಿರುಗಿ, "ನೋಡಿ ಸ್ವಲ್ಪ" ಎಂದಳು. ಮನೆಯಲ್ಲಿ ಕೊಡಪಾನ ಹೊರುವ ವಿಷಯದಲ್ಲಿ ನನ್ನ ದಾಖಲೆ ಅಷ್ಟು ಚೆನ್ನಾಗಿಲ್ಲ.

ಆಕಾಶದಲ್ಲಿ ರಣಹದ್ದುಗಳು ಸುತ್ತುತ್ತಿದ್ದವು. ನಾನು ಸಣ್ಣವನಿದ್ದಾಗ ನಮ್ಮ ಊರಿನ ಆಕಾಶದಲ್ಲೂ ಇದ್ದವು. ದನಗಳಿಗೆ ಕೊಡುವ ಡೈಕ್ಲೋಫಿನಾಕ್ ಎಂಬ ನೋವಿನ ಔಷಧಿ ಸತ್ತ ದನದ ಮಾಂಸದ ಮೂಲಕ ಹೊಟ್ಟೆಗೆ ಸೇರಿ ದೇಶದ ರಣಹದ್ದುಗಳು ಬಹುಪಾಲು ಸತ್ತವು. ಆ ಔಷಧಿಯನ್ನು ಪಶುಚಿಕಿತ್ಸೆಯಲ್ಲಿ 2006ರಲ್ಲಿ ನಿಷೇಧಿಸಿದರು. ನಮ್ಮ ಆಕಾಶಕ್ಕೆ ಅವು ಮರಳಿ ಬಂದದ್ದನ್ನು ನಾನಂತೂ ನೋಡಿಲ್ಲ.

ಕೊನೆಗೂ ಕಂಡಿತು

ಸುದಾಸರಿ ಎಂಬಲ್ಲಿ ದೊಡ್ಡ ಹುಲ್ಲುಗಾವಲಿಗೆ ತಂತಿಬೇಲಿ ಹಾಕಿ ಕಾಯುತ್ತಾರೆ. ಅಲ್ಲಿ ಗೈಡ್ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ತುಟಿ ಮೇಲೆ ಬೆರಳಿಟ್ಟ. ನಾನು ದುರ್ಬೀನಿನಲ್ಲಿ ಎಷ್ಟು ನೋಡಿದರೂ ಹುಲ್ಲೇ ಕಾಣುತ್ತಿತ್ತು. "ಅಜ್ಜ, ಆ ಒಂಟಿ ಪೊದೆಯ ಎಡಕ್ಕೆ" ಎಂದು ಮೊಮ್ಮಗಳು ಪಿಸುಗುಟ್ಟಿದಳು.

ಹುಲ್ಲಿನ ಮೇಲೆ ಒಂದು ಬಿಳಿ ಕೊರಳು. ಅದರ ಮೇಲೆ ಕಪ್ಪು ಟೋಪಿ ಇಟ್ಟ ತಲೆ. ಕೊಕ್ಕನ್ನು ಸ್ವಲ್ಪ ಮೇಲಕ್ಕೆತ್ತಿ, ಜವಾಬ್ದಾರಿಯ ಮನುಷ್ಯನಂತೆ ಒಂದೊಂದೇ ಹೆಜ್ಜೆ ಇಡುತ್ತ ಬಂತು. ಒಂದು ಮೀಟರಿನಷ್ಟು ಎತ್ತರ. ಎದೆಯ ಮೇಲೆ ಅಡ್ಡ ಕಪ್ಪು ಪಟ್ಟಿ ಇದ್ದುದರಿಂದ ಗಂಡು. ನಿಂತಿತು, ಮಿಡತೆಯನ್ನೋ ಏನನ್ನೋ ಹೆಕ್ಕಿತು, ಮತ್ತೆ ನಡೆಯಿತು. ಹತ್ತು ನಿಮಿಷ ಕಂಡಿರಬಹುದು. ಆಮೇಲೆ ಹುಲ್ಲು ಅದನ್ನು ಮುಚ್ಚಿತು.

ಅಲ್ಲಿಯವರು ಇದನ್ನು ಗೋಡಾವಣ್ ಎನ್ನುತ್ತಾರೆ. ಇಂಗ್ಲಿಷಿನ ಹೆಸರು ಗ್ರೇಟ್ ಇಂಡಿಯನ್ ಬಸ್ಟರ್ಡ್. ಕನ್ನಡದಲ್ಲಿ ಎರ್ಲಡ್ಡು, ದೊರವಾಯನ ಹಕ್ಕಿ, ಎರೆಭೂತ. ಹಾರಬಲ್ಲ ಹಕ್ಕಿಗಳಲ್ಲಿ ಜಗತ್ತಿನ ಅತಿ ಭಾರದ ಕೆಲವುಗಳಲ್ಲಿ ಇದೂ ಒಂದು. ಗಂಡು 15 ಕಿಲೋ ಹತ್ತಿರ ತೂಗುತ್ತದೆ. ಪಕ್ಷಿತಜ್ಞ ಸಲೀಂ ಅಲಿ ಇದನ್ನೇ ರಾಷ್ಟ್ರಪಕ್ಷಿ ಮಾಡಬೇಕೆಂದು ಹೇಳಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು.

ಜೀಪಿನಲ್ಲಿ ಎಲ್ಲರೂ ಸಂಭ್ರಮದಲ್ಲಿದ್ದರು. ನಾನು ಸುಮ್ಮನೆ ಕೂತಿದ್ದೆ. "ಅಜ್ಜ, ನಿಮಗೆ ಖುಷಿಯಾಗಲಿಲ್ಲವಾ?" ಎಂದು ಮೊಮ್ಮಗಳು ಕೇಳಿದಳು. ಆಗಿತ್ತು. ಅದರ ಜೊತೆಗೇ ನಲವತ್ತು ವರ್ಷ ಹಿಂದಿನ ಒಂದು ಸಂಗತಿಯೂ ಎದ್ದು ಬಂದಿತ್ತು. ಅದನ್ನು ಅವಳಿಗೆ ಅಂದು ರಾತ್ರಿ ಹೇಳಿದೆ. ನಿಮಗೂ ಹೇಳುತ್ತೇನೆ.

ನಾನು ನೆಟ್ಟ ಸಸಿ

1980ರ ದಶಕದ ಆರಂಭದಲ್ಲಿ ರಾಣೆಬೆನ್ನೂರಿನ ಹತ್ತಿರದ ಒಂದು ಹಳ್ಳಿ ಶಾಖೆಗೆ ನನಗೆ ವರ್ಗವಾಯಿತು. ಬಸ್ಸಿಳಿದು ಸುತ್ತ ನೋಡಿದಾಗ ಎದೆ ಧಸಕ್ಕೆಂದಿತು. ಎಲ್ಲಿ ನೋಡಿದರೂ ಬಯಲು. ಒಂದು ತೆಂಗು, ಒಂದು ಅಡಿಕೆ ಮರ ಕಣ್ಣಿಗೆ ಬೀಳುವುದಿಲ್ಲ. ವನಮಹೋತ್ಸವ ಬಂದಾಗ ಎಲ್ಲರಿಗಿಂತ ಮುಂದೆ ನಿಂತವನು ನಾನೇ. ಊರಾಚೆಯ ಹುಲ್ಲುಬಯಲಿನಲ್ಲಿ ಸಾಲಾಗಿ ನೀಲಗಿರಿ ಸಸಿ ನೆಟ್ಟೆವು. ಹೆಮ್ಮೆಯಿಂದ ಊರಿಗೆ ಕಾಗದ ಬರೆದೆ.

ಬೆಳೆಸಾಲಕ್ಕೆ ಬರುತ್ತಿದ್ದ ಒಬ್ಬ ಮುದುಕ ರೈತರು ಬದುವಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು. ಕೈ ತೊಳೆದುಕೊಳ್ಳುವಾಗ ಹತ್ತಿರ ಬಂದು ಹೇಳಿದರು, "ಸಾಹೇಬ್ರ, ನಿಮ್ಮೂರಾಗ ಗಿಡಾ ಇದ್ರ ಚಂದ. ಇಲ್ಲಿ ಬಯಲ ಚಂದ ನೋಡ್ರಿ. ಎರಿಭೂತಕ್ಕ ಬಯಲ ಬೇಕ್ರಿ."

ತುಳುನಾಡಿನವನಾದ ನನಗೆ ಭೂತವೆಂದರೆ ಕೋಲ, ನೇಮ, ಹಿಂಗಾರ. ಇವರ ಹೊಲದಲ್ಲಿ ಯಾವ ಭೂತವಪ್ಪ ಎಂದು ನಕ್ಕುಬಿಟ್ಟೆ. ಅವರು ನಗಲಿಲ್ಲ. ಆಳೆತ್ತರದ ಹಕ್ಕಿ, ಎರೆಹೊಲದಲ್ಲಿ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತದೆ, ನೋಡನೋಡುತ್ತ ಇಲ್ಲವಾಗುತ್ತದೆ, ಅದಕ್ಕೇ ಆ ಹೆಸರು ಎಂದು ವಿವರಿಸಿದರು. ನೋಡಬೇಕೆಂದು ಎರಡು ಭಾನುವಾರ ಸೈಕಲ್ ತುಳಿದೆ. ಕೃಷ್ಣಮೃಗಗಳ ಹಿಂಡು ಕಂಡಿತು, ಎರೆಭೂತ ಕಾಣಲಿಲ್ಲ. ಮೂರು ವರ್ಷವಾದ ಮೇಲೆ ವರ್ಗವಾಗಿ ಹೊರಟೆ. ಮಾತು ಮರೆತೇಹೋಯಿತು.

ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಮತ್ತು ಈ ಹಕ್ಕಿಗಾಗಿಯೇ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಗಿತ್ತು. ಇಂದು ಅಲ್ಲಿ ಕೃಷ್ಣಮೃಗಗಳು ಸಾವಿರಾರು ಇವೆ. ಎರೆಭೂತ ಇಲ್ಲ. ಕಾರಣ ಒಂದೇ ಅಲ್ಲ: ಬೇಟೆ, ಬೀಡಾಡಿ ನಾಯಿಗಳು, ಹುಲ್ಲುಗಾವಲು ಹೊಲವಾದದ್ದು, ಬಯಲಿನಲ್ಲಿ ನೀಲಗಿರಿಯ ತೋಪು ಎದ್ದದ್ದು. ಈ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿನೆಲದ ಮೇಲೆ ಮೊಟ್ಟೆ ಇಟ್ಟು, ಸುತ್ತ ಬಹುದೂರದವರೆಗೆ ಶತ್ರು ಬರುವುದು ಕಾಣುವಂತಿದ್ದರೆ ಮಾತ್ರ ಧೈರ್ಯವಾಗಿ ಕಾವು ಕೂರುತ್ತದೆ. ನಡುವೆ ಮರಗಳ ಗೋಡೆ ಎದ್ದರೆ ಅದಕ್ಕೆ ಮನೆಯೇ ಹೋದ ಹಾಗೆ. ನಮ್ಮ ಸಸಿಗಳಿಂದಲೇ ಎಲ್ಲ ಆಯಿತೆಂದು ಹೇಳುವಷ್ಟು ದೊಡ್ಡವನು ನಾನಲ್ಲ. ಆದರೆ ಆ ಲೆಕ್ಕದಲ್ಲಿ ನನ್ನದೂ ಒಂದು ಸಣ್ಣ ನಮೂದು ಇದೆ.

ಒಂದೇ ಮೊಟ್ಟೆಯ ಲೆಕ್ಕ

ದೇಶದಲ್ಲೆಲ್ಲ ಕಾಡಿನಲ್ಲಿ ಉಳಿದ ಎರೆಭೂತಗಳು 150ಕ್ಕಿಂತ ಕಡಿಮೆ ಎಂಬುದು ತಜ್ಞರ ಅಂದಾಜು. ಅವುಗಳಲ್ಲಿ ಹೆಚ್ಚಿನವು ಜೈಸಲ್ಮೇರ್ ಸೀಮೆಯಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಕಂಡಿವೆ.

ಹೆಣ್ಣುಹಕ್ಕಿ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅದನ್ನು ನರಿ, ನಾಯಿ, ಕಾಗೆ ತಿನ್ನಬಹುದು, ದನ ತುಳಿಯಬಹುದು. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಬಡ್ಡಿ ತೀರಾ ಕಡಿಮೆ ಇರುವ ಖಾತೆ. ಅಸಲು ಕರಗಿದರೆ ತುಂಬುವುದು ಬಹಳ ಕಷ್ಟ.

ಈಗಿನ ದೊಡ್ಡ ಅಪಾಯ ವಿದ್ಯುತ್ ತಂತಿ. ಈ ಹಕ್ಕಿಯ ಕಣ್ಣುಗಳು ತಲೆಯ ಎರಡು ಬದಿಗಿರುವುದರಿಂದ ಸುತ್ತಲಿನದು ಚೆನ್ನಾಗಿ ಕಾಣುತ್ತದೆ, ನೇರ ಮುಂದಿನದು ಸರಿಯಾಗಿ ಕಾಣುವುದಿಲ್ಲ. ಭಾರದ ದೇಹವಾದ್ದರಿಂದ ತಂತಿ ಹತ್ತಿರ ಬಂದ ಮೇಲೆ ತಟ್ಟನೆ ತಿರುಗಲೂ ಆಗದು. ನಾವು ಹೋದ ದಾರಿಯುದ್ದಕ್ಕೂ ಗಾಳಿಯಂತ್ರಗಳು, ಸೌರಫಲಕಗಳು, ಅವುಗಳಿಂದ ಹೊರಟ ತಂತಿಗಳು. ಹೊಗೆಯಿಲ್ಲದ ವಿದ್ಯುತ್ತು ನಮಗೆಲ್ಲ ಬೇಕು. ನನ್ನ ಮನೆಯ ಪಂಪಿಗೂ ಬೇಕು. ಆದರೆ ಅದನ್ನು ಹಾಕುವಾಗ ಹುಡುಕುವುದು "ಖಾಲಿ ಜಾಗ"ವನ್ನು. ನಾನು ಫೋನಿನಲ್ಲಿ ಹೇಳಿದ "ಬರೀ ಹೊಯಿಗೆ" ಎಂಬ ಮಾತಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ವನ್ಯಜೀವಿ ತಜ್ಞ ಎಂ.ಕೆ. ರಂಜಿತ್‌ಸಿಂಹ ಮತ್ತಿತರರು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 2021ರ ಏಪ್ರಿಲಿನಲ್ಲಿ ಕೋರ್ಟು, ಹಕ್ಕಿಗಳಿರುವ ಪ್ರದೇಶದಲ್ಲಿ ಸಾಧ್ಯವಿದ್ದಲ್ಲೆಲ್ಲ ತಂತಿಗಳನ್ನು ನೆಲದಡಿಗೆ ಹಾಕಬೇಕೆಂದಿತು. ಅಷ್ಟು ವಿಸ್ತಾರಕ್ಕೆ ಅದು ಆಗದ ಕೆಲಸ ಎಂದು ಸರಕಾರ ಹೇಳಿದ ಮೇಲೆ 2024ರ ಮಾರ್ಚಿನಲ್ಲಿ ಆ ಆದೇಶವನ್ನು ಬದಲಿಸಿ, ಹಕ್ಕಿಯೂ ವಿದ್ಯುತ್ತೂ ಉಳಿಯುವ ದಾರಿ ಹುಡುಕಲು ತಜ್ಞರ ಸಮಿತಿಯನ್ನು ನೇಮಿಸಿತು. ಕೆಲವು ತಂತಿಗಳಿಗೆ ಗಾಳಿಗೆ ತಿರುಗಿ ಹೊಳೆಯುವ ಬಿಲ್ಲೆಗಳನ್ನು ತೂಗುಹಾಕಿದ್ದನ್ನು ಗೈಡ್ ತೋರಿಸಿದ. ಹಕ್ಕಿಗೆ ದೂರದಿಂದಲೇ ಕಾಣಲಿ ಎಂದು ಆ ಏರ್ಪಾಡು.

ಇನ್ನೊಂದು ಒಳ್ಳೆಯ ಸುದ್ದಿಯೂ ಇದೆ. ಸಮ್ ಎಂಬ ಊರಿನ ಕೇಂದ್ರದಲ್ಲಿ 2019ರಿಂದ ಈ ಹಕ್ಕಿಯ ಮೊಟ್ಟೆಗಳನ್ನು ಬಯಲಿನಿಂದ ತಂದು ಯಂತ್ರದಲ್ಲಿ ಕಾವು ಕೊಟ್ಟು ಮರಿ ಮಾಡಿಸಿ ಸಾಕುತ್ತಿದ್ದಾರೆ. ರಾಮ್‌ದೇವ್ರಾದಲ್ಲಿ ಎರಡನೆಯ ಕೇಂದ್ರವಾಗಿದೆ. 2024ರ ಅಕ್ಟೋಬರಿನಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ಮರಿಗಳು ಹೆಚ್ಚಾದ ಮೇಲೆ ಅವನ್ನು ಬಯಲಿಗೆ ಬಿಡುವ ಯೋಜನೆಯಿದೆ. ಬಿಡಲು ಬಯಲು ಉಳಿದಿರಬೇಕು, ಅಷ್ಟೇ.

ನಮ್ಮೂರಿನ ಬಯಲು

ಊರಿಗೆ ಬಂದ ಮೇಲೆ ನನ್ನ ಕಣ್ಣು ನಮ್ಮ ಪದವಿನ ಮೇಲೆ ಬಿತ್ತು. ಕರಾವಳಿಯವರಿಗೆ ಪದವು ಗೊತ್ತು. ಮುರಕಲ್ಲಿನ ಚಪ್ಪಟೆ ಗುಡ್ಡದ ನೆತ್ತಿ, ಮರವಿಲ್ಲ, ಬೇಸಗೆಯಲ್ಲಿ ಒಣ ಮುಳಿಹುಲ್ಲು. "ಪಾಳು ಜಾಗ" ಎಂದೇ ನಾವು ಹೇಳುವುದು. ಎಷ್ಟೋ ಪದವುಗಳನ್ನು ಅಕೇಶಿಯಾ ನುಂಗಿದೆ, ಇನ್ನೆಷ್ಟನ್ನೋ ಕಲ್ಲುಕೋರೆ ಅಗೆದಿದೆ. ಆದರೆ ಮಳೆಗಾಲದ ಕೊನೆಗೆ ಹೋಗಿ ನೋಡಿ. ಕಲ್ಲಿನ ಮೇಲೆ ಅಂಗೈಯಷ್ಟು ಮಣ್ಣು ಇದ್ದಲ್ಲೆಲ್ಲ ನೀಲಿ, ಬಿಳಿ ಹೂವಿನ ಹಾಸು. ಹುಳ ಹಿಡಿದು ತಿನ್ನುವ ಪುಟ್ಟ ಗಿಡಗಳೂ ಅಲ್ಲಿವೆ. ಹೊಂಡಗಳಲ್ಲಿ ಕಪ್ಪೆಮರಿಗಳು. ಅಲ್ಲಿ ನಿಂತ ನೀರು ಮುರಕಲ್ಲಿನಲ್ಲಿ ಇಳಿದು ಕೆಳಗಿನ ಬಾವಿಗಳಿಗೆ ಬರುತ್ತದೆ. 4000 ಮಿಲಿಮೀಟರ್ ಮಳೆ ಬಿದ್ದರೂ ಏಪ್ರಿಲಿನಲ್ಲಿ ನೀರಿಗೆ ಪರದಾಡುವ ನಾವು ಇದನ್ನು ಮರೆಯಬಾರದು.

ಪ್ರತಿ ಜೂನಿನಲ್ಲಿ ಊರಿನ ಹುಡುಗರು ಗಿಡ ನೆಡುವ ಕಾರ್ಯಕ್ರಮ ಇಟ್ಟುಕೊಳ್ಳುತ್ತಾರೆ. ಈ ಸಲ ಪದವಿನ ಮೇಲೆ ನೆಡುವುದೆಂದು ಮಾತಾಗಿತ್ತು. ನನ್ನನ್ನು ಕರೆದಾಗ ಹಿಂದೆ ಮುಂದೆ ನೋಡದೆ ಈ ಕಥೆಯನ್ನೆಲ್ಲ ಹೇಳಿದೆ. "ಗಿಡ ನೆಡುವುದೇ ತಪ್ಪಾ ಮಾವ?" ಎಂದು ಒಬ್ಬ ಕೇಳಿದ. ತಪ್ಪಲ್ಲ ಮಾರಾಯ, ಹಿಂದೆ ಎಲ್ಲಿ ಮರ ಇತ್ತೋ ಅಲ್ಲಿ ನೆಡುವ ಎಂದೆ. ಕೊನೆಗೆ ತೋಡಿನ ಬದಿಯಲ್ಲಿ ಹೊನ್ನೆ, ನೇರಳೆ, ಪುನರ್ಪುಳಿ ಸಸಿಗಳನ್ನು ನೆಡುವುದೆಂದು ತೀರ್ಮಾನವಾಯಿತು. ಎಲ್ಲರೂ ಪೂರ್ತಿ ಒಪ್ಪಿದರೆಂದು ಹೇಳಲಾರೆ. ಪದವು ಈ ವರ್ಷ ಹಾಗೆಯೇ ಉಳಿಯಿತು.

ಶಾಲೆಯ ರಜೆಯಲ್ಲಿ ಮೊಮ್ಮಗಳು ಬಂದಿದ್ದಳು. ಒಂದು ಸಂಜೆ ಅವಳನ್ನು ಪದವಿಗೆ ಕರೆದುಕೊಂಡು ಹೋದೆ. ನಡುವೆ ಬರುವಷ್ಟರಲ್ಲಿ ಟಿಟ್ಟಿಭವೊಂದು ತಲೆಯ ಮೇಲೆ ಹಾರಿ ಹಾರಿ ಕಿರುಚತೊಡಗಿತು. ಅವಳು ಥಟ್ಟನೆ ನಿಂತು ಕಾಲಬುಡ ನೋಡಿದಳು. ಎರಡು ಮಾರು ಮುಂದೆ ಕಲ್ಲುಹರಳುಗಳ ನಡುವೆ ಹರಳಿನದೇ ಬಣ್ಣದ ನಾಲ್ಕು ಮೊಟ್ಟೆಗಳಿದ್ದವು. ಗೂಡಿಲ್ಲ, ಮರೆಯಿಲ್ಲ.

"ಹಿಂದೆ ಹೋಗುವ ಅಜ್ಜ" ಎಂದಳು. ಬಂದ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಇಬ್ಬರೂ ಹಿಂದೆ ಬಂದೆವು. ನಾವು ಗುಡ್ಡ ಇಳಿದ ಮೇಲೂ ಸ್ವಲ್ಪ ಹೊತ್ತು ಅದರ ಕೂಗು ಕೇಳುತ್ತಿತ್ತು.